ಮೊಬೈಲ್‌ಗೆ ಸಿಕ್ಕಿಸುವ ಗಾಳಿ ಮೀಟರ್ ಸಾಕಾ, ಬೇರೆಯದು ಬೇಕಾ? ಮೈಸೂರು–ಮಂಡ್ಯದವರಿಗೊಂದು ಹೋಲಿಕೆ

ಚಳಿಗಾಲ ಹತ್ತಿರ ಬಂದ ಹಾಗೆ ಈ ಪ್ರಶ್ನೆ ಜಾಸ್ತಿ ಆಗುತ್ತದೆ. ಹೆಬ್ಬಾಳದ ತಾಯಿಯೊಬ್ಬರಿಗೆ ಮಗುವಿನ ವೀಜಿಂಗ್ ಚಿಂತೆ. ಪಾಂಡವಪುರದ ಕಡೆಯವರೊಬ್ಬರ ಮನೆ ಹಿಂದೆಯೇ ಆಲೆಮನೆ. ಕುವೆಂಪುನಗರದ ನಿವೃತ್ತ ದಂಪತಿಗೆ ಬೆಳಗಿನ ವಾಕಿಂಗ್ ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು ಅನ್ನುವುದು ಗೊತ್ತಾಗಬೇಕು. ಎಲ್ಲರೂ ಕೊನೆಗೆ ಕೇಳುವುದು ಒಂದನ್ನೇ: "ಮೊಬೈಲ್‌ಗೆ ಸಿಕ್ಕಿಸೋ ಆ ಚಿಕ್ಕ ಮೀಟರ್ ತಗೊಂಡ್ರೆ ಸಾಕಾ, ಇಲ್ಲ ಇನ್ನೂ ಸ್ವಲ್ಪ ದುಡ್ಡು ಹಾಕಿ ಬೇರೆಯದು ತಗೋಬೇಕಾ?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಉಸಿರಾಟದ ತೊಂದರೆ ಇರುವವರಿದ್ದರೆ ಸ್ವಂತ ಸ್ಕ್ರೀನ್, ಸ್ವಂತ ಬ್ಯಾಟರಿ ಇರುವ ಮೀಟರೇ ಸರಿ. ಮೊಬೈಲ್‌ಗೆ ಸಿಕ್ಕಿಸುವುದು ಓಡಾಡುತ್ತಾ ಅಲ್ಲಲ್ಲಿ ಎರಡು ನಿಮಿಷ ನಿಂತು ನೋಡುವವರಿಗೆ. ಇನ್ನು ಕೆಲವರಿಗೆ ಈ ಎರಡೂ ಬೇಡ, ಬೇಕಾಗಿರುವುದು ಬೇರೆಯದೇ. ನೀವು ಯಾರು ಅನ್ನುವುದನ್ನು ಕೆಳಗಿನದನ್ನೆಲ್ಲ ಓದಿ ನೀವೇ ತೀರ್ಮಾನಿಸಿ.

ಅಳೆಯಬೇಕಾಗಿರುವುದು ಏನನ್ನು?

ಮಾರುವವರು ಎಲ್ಲಕ್ಕೂ ಏರ್ ಕ್ವಾಲಿಟಿ ಮಾನಿಟರ್ ಅಂತ ಒಂದೇ ಹೆಸರು ಹೇಳುತ್ತಾರೆ. ಆದರೆ ಗಾಳಿ ಕೆಡುವುದು ನಾಲ್ಕಾರು ಥರ. ಒಂದು ಥರದ್ದನ್ನು ಅಳೆಯುವ ಸೆನ್ಸರ್‌ಗೆ ಇನ್ನೊಂದು ಗೊತ್ತೇ ಆಗುವುದಿಲ್ಲ.

ಹೊಗೆ, ಸಣ್ಣ ಧೂಳು ನಿಮ್ಮ ಚಿಂತೆಯಾದರೆ ನೋಡಬೇಕಾದ್ದು ಪಿಎಂ 2.5. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ನಮ್ಮ ತಲೆಕೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ ಇರುತ್ತದೆ, ಇವು ಎಷ್ಟು ಸಣ್ಣವು ಅಂತ ಲೆಕ್ಕ ಹಾಕಿ. ಮೂಗು, ಗಂಟಲು ತಡೆಯಲಾರದೆ ಶ್ವಾಸಕೋಶದ ಆಳಕ್ಕೆ ಇಳಿಯುವುದು ಇವೇ. ಕಬ್ಬಿನ ತರಗು ಸುಡುವ ಹೊಗೆ, ಕಸಕ್ಕೆ ಬೆಂಕಿ ಹಾಕಿದ ಹೊಗೆ, ಊದುಬತ್ತಿ, ಸಾಂಬ್ರಾಣಿ, ಬಚ್ಚಲ ಒಲೆ, ಒಗ್ಗರಣೆಯ ಘಾಟು ಎಲ್ಲವೂ ಇದರಲ್ಲಿ ಕಾಣಿಸುತ್ತವೆ.

ಬಾಗಿಲು ಹಾಕಿದ ರೂಮಿನಲ್ಲಿ ಬೆಳಗ್ಗೆ ಎದ್ದಾಗ ತಲೆ ಭಾರ, ಟ್ಯೂಷನ್ ಕ್ಲಾಸಿನಲ್ಲಿ ಮಕ್ಕಳಿಗೆ ತೂಕಡಿಕೆ, ಇಂಥದ್ದಕ್ಕೆ ನೋಡಬೇಕಾದ್ದು ಇಂಗಾಲದ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು ಇರುತ್ತದೆ. ಒಳಗೆ ಸಾವಿರ ದಾಟಿದೆ ಅಂದರೆ ಕಿಟಕಿ ತೆಗೆಯಬೇಕು.

ಗ್ಯಾಸ್ ಗೀಸರ್ ಇರುವವರು ದಯವಿಟ್ಟು ಇಲ್ಲಿ ನಿಂತು ಓದಿ. ಗಾಳಿಯಾಡದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಜೀವ ಬಿಟ್ಟಿರುವುದನ್ನು ನಾವೆಲ್ಲ ಪೇಪರ್‌ನಲ್ಲಿ ಓದಿದ್ದೇವೆ. ನಾನು ಇಲ್ಲಿ ಹೋಲಿಸುತ್ತಿರುವ ಪಿಎಂ 2.5 ಮೀಟರ್‌ಗಳಿಗೆ ಈ ಅನಿಲ ಕಾಣುವುದೇ ಇಲ್ಲ. ಪಿಎಂ ಸೊನ್ನೆ ತೋರಿಸುತ್ತಿರುವಾಗಲೂ ಅದು ಕೊಲ್ಲಬಹುದು. ಗೀಸರನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸುವುದು ಮೊದಲ ಕೆಲಸ. ದುಡ್ಡು ಒಂದಕ್ಕೇ ಸಾಕಾಗುತ್ತದೆ ಅಂದರೆ ಅದನ್ನು ಕಾರ್ಬನ್ ಮೊನಾಕ್ಸೈಡ್ ಅಲಾರಂಗೆ ಹಾಕಿ, ಉಳಿದಿದ್ದು ಆಮೇಲೆ. ಅಡುಗೆ ಗ್ಯಾಸ್ ಸೋರಿಕೆಗೂ ಬೇರೆಯದೇ ಅಲಾರಂ ಇದೆ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ಅದನ್ನು ನೆಲದ ಹತ್ತಿರ ಕೂರಿಸಬೇಕು.

ಒಳಗಿರುವ ಸೆನ್ಸರ್ ನೋಡಿ, ಹೊರಗಿನ ಡಬ್ಬಿ ಅಲ್ಲ

ಪಿಎಂ ಅಳೆಯುವ ಒಳ್ಳೆಯ ಸಣ್ಣ ಮೀಟರ್‌ಗಳಲ್ಲಿ ಬೆರಳುಗಾತ್ರದ ಫ್ಯಾನ್ ಒಂದಿರುತ್ತದೆ. ಅದು ಗಾಳಿ ಎಳೆದುಕೊಳ್ಳುತ್ತದೆ. ಒಳಗೆ ಲೇಸರ್ ಬೆಳಕು ಹಾಯುತ್ತಿರುತ್ತದೆ. ಮನೆಯ ಗವಾಕ್ಷಿಯಿಂದ ಬಿಸಿಲುಕೋಲು ಬಿದ್ದಾಗ ಧೂಳು ಮಿಣಮಿಣ ಅನ್ನುತ್ತದಲ್ವಾ, ಅದೇ ಥರ ಕಣಗಳು ಬೆಳಕನ್ನು ಚದುರಿಸುತ್ತವೆ. ಆ ಚದುರಿದ ಬೆಳಕಿನಿಂದ ಕಣಗಳ ತೂಕವನ್ನು ಅಂದಾಜು ಮಾಡಿ ಸಂಖ್ಯೆ ಕೊಡುತ್ತದೆ. ಮಾರುವವರು ಸೆನ್ಸರ್ ಹೆಸರು ಬರೆದಿದ್ದಾರಾ ನೋಡಿ. ಪ್ಲಾಂಟವರ್ ಪಿಎಂಎಸ್7003, ಸೆನ್ಸಿರಿಯನ್ ಎಸ್‌ಪಿಎಸ್30, ನೋವಾ ಎಸ್‌ಡಿಎಸ್011, ಇವೆಲ್ಲ ಹೆಸರಿರುವ ಲೇಸರ್ ಸೆನ್ಸರ್‌ಗಳು. ಇಂಥ ಸೆನ್ಸರ್ ಒಂದಕ್ಕೇ ಸಾವಿರ ರೂಪಾಯಿ ದಾಟುತ್ತದೆ. ಹಾಗಿರುವಾಗ ಸಾವಿರಕ್ಕೆ ಪಿಎಂ 2.5, ಫಾರ್ಮಾಲ್ಡಿಹೈಡ್, ಇಂಗಾಲದ ಡೈಆಕ್ಸೈಡ್, ಇನ್ನೂ ಏನೇನೋ ಎಲ್ಲವನ್ನೂ ತೋರಿಸುತ್ತೇನೆ ಅನ್ನುವ ಡಬ್ಬಿಯಲ್ಲಿ ಏನಿರಲು ಸಾಧ್ಯ?

ಅಗ್ಗದ ಡಬ್ಬಿಗಳ ದೊಡ್ಡ ಮೋಸ ಇಂಗಾಲದ ಡೈಆಕ್ಸೈಡ್‌ನದ್ದು. ಅದನ್ನು ನಿಜವಾಗಿ ಅಳೆಯಲು ಇನ್ಫ್ರಾರೆಡ್ ಬೆಳಕು ಬಳಸುವ ಎನ್‌ಡಿಐಆರ್ ಅಥವಾ ಫೋಟೋಅಕೌಸ್ಟಿಕ್ ಸೆನ್ಸರ್ ಬೇಕು. ಅದಿಲ್ಲದೆ ಬೇರೆ ಆವಿಗಳನ್ನು ನೋಡಿ ಊಹಿಸಿದ ಸಂಖ್ಯೆಯನ್ನು 'ಇಸಿಓ2' ಅಂತ ಬರೆದಿರುತ್ತಾರೆ. ಹತ್ತಿರದಲ್ಲಿ ಸ್ಯಾನಿಟೈಸರ್ ಬಾಟಲಿ ತೆರೆದರೆ ಅದು ಜಿಗಿಯುತ್ತದೆ. ಆ 'ಇ' ಅಕ್ಷರ ಕಂಡರೆ ಆ ಸಂಖ್ಯೆಯನ್ನು ಮರೆತುಬಿಡಿ.

ಹೆಸರಿರುವ ಸೆನ್ಸರ್‌ಗೂ ಮಿತಿ ಇದೆ. ಸುಮಾರು 0.3 ಮೈಕ್ರಾನ್‌ಗಿಂತ ಸಣ್ಣದು ಇವಕ್ಕೆ ಕಾಣುವುದಿಲ್ಲ. ಡೀಸೆಲ್ ಬಸ್ಸಿನ ಕೊಳವೆಯಿಂದ ಆಗಷ್ಟೇ ಬಂದ ಹೊಗೆಯಲ್ಲಿ ಬಹಳಷ್ಟು ಕಣಗಳು ಅಷ್ಟು ಸಣ್ಣವು. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೀಟರ್ ಕಡಿಮೆ ತೋರಿಸಿತು ಅಂತ ಸಮಾಧಾನ ಪಡಬೇಡಿ. ಇನ್ನೊಂದು ತುದಿಯಲ್ಲಿ ದಪ್ಪ ಧೂಳು. ಕಲ್ಲು ಕ್ರಷರ್ ಧೂಳು, ರಸ್ತೆ ಧೂಳನ್ನು ಈ ಚಿಕ್ಕ ಸೆನ್ಸರ್‌ಗಳು ಸರಿಯಾಗಿ ಹಿಡಿಯುವುದಿಲ್ಲ. ಸ್ಕ್ರೀನ್ ಮೇಲೆ ಪಿಎಂ 10 (10 ಮೈಕ್ರಾನ್ ತನಕದ ಕಣಗಳು) ಅಂತ ತೋರಿಸುವುದು ಬಹುಪಾಲು ಸಣ್ಣ ಕಣಗಳಿಂದ ಲೆಕ್ಕ ಹಾಕಿದ ಊಹೆ. ಶ್ರೀರಂಗಪಟ್ಟಣ, ಪಾಂಡವಪುರ ಕಡೆ ಕ್ವಾರಿ ಧೂಳಿನ ಬಗ್ಗೆ ದೂರು ಕೊಡಲು ಮೀಟರ್ ಬೇಕು ಅನ್ನುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಈ ಮೀಟರ್ ಇಟ್ಟುಕೊಂಡು ವಾದಕ್ಕೆ ಹೋಗಬೇಡಿ. ದಿನಾಂಕ, ಹೊತ್ತು ಬರೆದಿಟ್ಟ ಫೋಟೋ, ವಿಡಿಯೋ ಜೊತೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ಬಂದು ಅಳೆಯಲಿ ಅಂತ ಕೇಳಿ.

ಮೂರನೆಯದು ತೇವ. ನಮ್ಮ ಕಡೆ ಇದು ಬಹಳ ಮುಖ್ಯ. ಡಿಸೆಂಬರ್ ಬೆಳಗ್ಗೆ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಮಂಜು ಕವಿದಿರುವಾಗ ಮೀಟರ್ ಹಿಡಿದು ನೋಡಿ. ಸುತ್ತ ಗದ್ದೆ, ಒಂದು ಗಾಡಿಯ ಸದ್ದಿಲ್ಲ. ಆದರೂ ಸಂಖ್ಯೆ ಏರುತ್ತಾ ಹೋಗಿ ಸ್ಕ್ರೀನ್ ಕೆಂಪಾಗುತ್ತದೆ. ಎಂಟೂವರೆ ಹೊತ್ತಿಗೆ ಬಿಸಿಲು ಬಂದು ಮಂಜು ಕರಗಿದ ಹಾಗೆ ಅದೇ ಜಾಗದಲ್ಲಿ ಸಂಖ್ಯೆ ಇಳಿಯುತ್ತದೆ. ಲೇಸರ್‌ಗೆ ಮಂಜಿನ ಹನಿಯೂ ಒಂದೇ, ಹೊಗೆಯ ಕಣವೂ ಒಂದೇ. ಕಣಗಳೂ ತೇವ ಹೀರಿಕೊಂಡು ಊದಿಕೊಳ್ಳುತ್ತವೆ. ಹವೆಯಲ್ಲಿ ತೇವ 80 ಶೇಕಡಾ ದಾಟಿದಾಗ ಹೊರಗಿನ ಲೆಕ್ಕವನ್ನು ಪೂರ್ತಿ ನಂಬಬಾರದು. ಅಮೆರಿಕದ ಪರಿಸರ ಇಲಾಖೆ ಇಂಥದ್ದೇ ಸೆನ್ಸರ್ ಇರುವ ಪರ್ಪಲ್‌ಏರ್ ಮೀಟರ್‌ಗಳಿಗೆ ತಿದ್ದುಪಡಿ ಸೂತ್ರ ಮಾಡಿದಾಗ ಅದರಲ್ಲಿ ತೇವವನ್ನೂ ಸೇರಿಸಬೇಕಾಯಿತು. ಆದ್ದರಿಂದ ತೇವಾಂಶವನ್ನೂ ಪಕ್ಕದಲ್ಲೇ ತೋರಿಸುವ ಮೀಟರ್ ಸಿಕ್ಕರೆ ಅದಕ್ಕೆ ನನ್ನ ವೋಟು.

ಸಂಖ್ಯೆ ಯಾರ ಲೆಕ್ಕದ್ದು?

ಕೊಳ್ಳುವ ಮೊದಲು ಆ್ಯಪ್‌ನ ಸ್ಕ್ರೀನ್‌ಶಾಟ್ ನೋಡಿ. ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಸೂಚ್ಯಂಕ) ಮಾತ್ರ ತೋರಿಸುತ್ತದಾ, ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಅಂತಲೂ ತೋರಿಸುತ್ತದಾ? ಎರಡನೆಯದು ಬೇಕೇ ಬೇಕು. ಯಾಕೆಂದರೆ ಎಕ್ಯೂಐ ದೇಶ ಬದಲಾದರೆ ಬದಲಾಗುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ನಮ್ಮ ದೇಶದ ಲೆಕ್ಕದಲ್ಲಿ ಎಕ್ಯೂಐ 100, ತೃಪ್ತಿಕರ ಅಂತ. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 150 ದಾಟಿ ಅನಾರೋಗ್ಯಕರ ಆಗಿಬಿಡುತ್ತದೆ. ಚೀನಾದಿಂದ ಬರುವ ಹಲವು ಮೀಟರ್‌ಗಳು ಅಮೆರಿಕದ ಲೆಕ್ಕ ತೋರಿಸುತ್ತವೆ. ಇಬ್ಬರು ಗೆಳೆಯರು ಎರಡು ಮೀಟರ್ ಇಟ್ಟುಕೊಂಡು ಸುಮ್ನೆ ಜಗಳ ಆಡುವುದು ಇದಕ್ಕೇ.

ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ 60, ವರ್ಷದ ಸರಾಸರಿಗೆ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 5. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ನಾನು 60ರ ತನಕ ಕಾಯುವುದಿಲ್ಲ. ಮೂವತ್ತು ದಾಟಿ ಅಲ್ಲೇ ನಿಂತಿದ್ದರೆ ಕಾರಣ ಹುಡುಕುತ್ತೇನೆ.

ಮೊದಲು ಪುಕ್ಕಟೆಯದು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಹಾಕಿಕೊಳ್ಳಿ. ಮೈಸೂರಿನ ಹೆಬ್ಬಾಳ 1ನೇ ಹಂತದಲ್ಲಿ ರಾಜ್ಯ ಮಂಡಳಿಯ ಅಳತೆ ಕೇಂದ್ರ ಇದೆ. ಹುಡುಕುವಾಗ ಎಚ್ಚರ, ಬೆಂಗಳೂರಿನ ಹೆಬ್ಬಾಳವೂ ಅದೇ ಪಟ್ಟಿಯಲ್ಲಿದೆ. ಆ್ಯಪ್‌ನ ಎಕ್ಯೂಐ 24 ಗಂಟೆಯ ಸರಾಸರಿ ಮೇಲೆ ನಿಂತಿದ್ದು, ನಿಮ್ಮ ಕೈಯ ಮೀಟರ್ ಈ ನಿಮಿಷದ್ದು. ಎರಡೂ ಹೊಂದುವುದಿಲ್ಲ, ಅದು ಮೀಟರಿನ ತಪ್ಪೂ ಅಲ್ಲ.

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಕೆಟ್ಟ ಊರುಗಳು ಅಂತ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ಮೈಸೂರು ಅದರಲ್ಲಿಲ್ಲ. ಹಾಗಾಗಿ 'ಇವತ್ತು ಊರಿನ ಗಾಳಿ ಹೇಗಿದೆ' ಅನ್ನುವುದಷ್ಟೇ ನಿಮ್ಮ ಪ್ರಶ್ನೆ ಆಗಿದ್ದರೆ, ಆರೋಗ್ಯವೂ ಚೆನ್ನಾಗಿದ್ದರೆ, ದುಡ್ಡು ಖರ್ಚು ಮಾಡಬೇಡಿ. ಸಮೀರ್ ಸಾಕು. ಆದರೆ ನಿಮ್ಮ ಅಡುಗೆಮನೆ, ನಿಮ್ಮ ಬೀದಿ, ನಿಮ್ಮ ಮನೆ ಹಿಂದಿನ ಆಲೆಮನೆ ಆ ಆ್ಯಪ್‌ನಲ್ಲಿ ಇಲ್ಲ. ಸ್ವಂತ ಮೀಟರ್ ಬೇಕಾಗುವುದು ಅಲ್ಲಿ.

ಮೊಬೈಲ್‌ಗೆ ಸಿಕ್ಕಿಸುವುದು

ಇದಕ್ಕೆ ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ಚಾರ್ಜಿಂಗ್ ಪಿನ್ನಿನ ಜಾಗಕ್ಕೆ ಸಿಕ್ಕಿಸಿದರೆ ಮೊಬೈಲಿನಿಂದಲೇ ಕರೆಂಟು ತಗೊಂಡು ಆ್ಯಪ್‌ನಲ್ಲಿ ಸಂಖ್ಯೆ ತೋರಿಸುತ್ತದೆ. ಅದಕ್ಕೇ ಚಿಕ್ಕದು, ಹಗುರ, ಬೆಲೆಯೂ ಕಡಿಮೆ. ಒಳಗೆ ಒಳ್ಳೆಯ ಲೇಸರ್ ಸೆನ್ಸರ್ ಇದ್ದರೆ ಅಳತೆಯಲ್ಲಿ ದೊಡ್ಡ ಮೀಟರ್‌ಗಳಿಗಿಂತ ಕಡಿಮೆ ಏನಲ್ಲ, ಸೆನ್ಸರ್ ಅದೇ ತಾನೇ. ಚಾರ್ಜ್ ಮಾಡುವುದು ಮರೆತುಹೋಯಿತು ಅನ್ನುವ ತಾಪತ್ರಯ ಇಲ್ಲ. ಬಾಡಿಗೆ ಮನೆ ನೋಡಲು ಹೋದಾಗ, ಮಗುವಿನ ಶಾಲೆಯ ಕ್ಲಾಸ್‌ರೂಮ್ ನೋಡುವಾಗ, ಜೇಬಿನಿಂದ ತೆಗೆದು ಎರಡು ನಿಮಿಷ ಹಿಡಿದರೆ ಸಾಕು. ಫ್ಯಾನ್ ತಿರುಗಿ ಲೆಕ್ಕ ನಿಲ್ಲಲು ಅರ್ಧ ನಿಮಿಷವಾದರೂ ಬಿಡಿ, ಮೊದಲು ಬಂದ ಸಂಖ್ಯೆ ನೋಡಿ ಓಡಬೇಡಿ.

ತೊಂದರೆಗಳು ದಿನಬಳಕೆಯಲ್ಲಿ ಗೊತ್ತಾಗುತ್ತವೆ. ಇದನ್ನು ಸಿಕ್ಕಿಸಿದಾಗ ಮೊಬೈಲ್ ಚಾರ್ಜ್ ಆಗುವುದಿಲ್ಲ, ಬದಲಿಗೆ ಬೇಗ ಖಾಲಿ ಆಗುತ್ತದೆ. ರಾತ್ರಿಯಿಡೀ ಮಗು ಮಲಗುವ ರೂಮಿನಲ್ಲಿ ಏನಾಗುತ್ತದೆ ಅಂತ ನೋಡುವ ಹಾಗೇ ಇಲ್ಲ. ಯಾರಾದರೂ ಫೋನ್ ಮಾಡಿದರೆ ಮೀಟರ್ ಕಿವಿ ಹತ್ತಿರ ಹೋಗುತ್ತದೆ. ಮೊಬೈಲಿನ ಬಿಸಿ ತಾಗಿ ತಾಪಮಾನ, ತೇವಾಂಶ ಎರಡೂ ತಪ್ಪು ತೋರಿಸುತ್ತವೆ. ಮೊಬೈಲ್ ಕವರ್ ದಪ್ಪ ಇದ್ದರೆ ಪಿನ್ ಪೂರ್ತಿ ಕೂರುವುದಿಲ್ಲ. ಸ್ಕೂಟರ್ ಮೇಲೆ, ಜೇಬಿನಲ್ಲಿ ಅಂತೂ ಆಗದ ಮಾತು, ಪಿನ್ ಮುರಿಯುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಪಿನ್ ಮತ್ತು ಆ್ಯಪ್‌ದು. 2016ರಲ್ಲಿ ಐಫೋನ್ 7 ಬಂದಾಗ ಇಯರ್‌ಫೋನ್ ಸಿಕ್ಕಿಸುವ ತೂತೇ ಹೋಯಿತು. 2023ರಲ್ಲಿ ಐಫೋನ್ 15 ಟೈಪ್-ಸಿಗೆ ಬಂತು. ಆಂಡ್ರಾಯ್ಡ್‌ಗಳಲ್ಲೂ ಹಳೆಯ ಮೈಕ್ರೋ ಯುಎಸ್‌ಬಿ ಹೋಗಿ ಟೈಪ್-ಸಿ ಬಂದಾಗಿದೆ. ಹಳೆಯ ಪಿನ್ನಿನ ಸಾಮಾನು ಕಡಿಮೆ ಬೆಲೆಗೆ ಸಿಗುತ್ತದೆ, ಆಸೆಪಡಬೇಡಿ. ಇವತ್ತು ಕೊಳ್ಳುವುದಾದರೆ ಟೈಪ್-ಸಿ ಮಾತ್ರ. ನಿಮ್ಮ ಮೊಬೈಲ್ ಓಟಿಜಿ (ಪಿನ್ನಿಗೆ ಸಿಕ್ಕಿಸಿದ ಸಾಮಾನನ್ನು ನಡೆಸುವ ಸೌಲಭ್ಯ) ಒಪ್ಪುತ್ತದಾ ಅಂತ ಒಂದು ಪೆನ್‌ಡ್ರೈವ್ ಸಿಕ್ಕಿಸಿ ನೋಡಿಕೊಳ್ಳಿ, ಕೆಲವು ಮೊಬೈಲ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕಾಗುತ್ತದೆ. ಆ್ಯಪ್ ಪ್ಲೇ ಸ್ಟೋರ್‌ನಲ್ಲೇ ಇದೆಯಾ, ಕೊನೆಯ ಸಲ ಅಪ್‌ಡೇಟ್ ಆಗಿದ್ದು ಯಾವಾಗ ನೋಡಿ. ಎರಡು ವರ್ಷದಿಂದ ಮುಟ್ಟಿಲ್ಲ ಅಂದರೆ ಬಿಟ್ಟುಬಿಡಿ. 'ಈ ಲಿಂಕಿಂದ ಎಪಿಕೆ ಇಳಿಸಿಕೊಳ್ಳಿ' ಅಂತ ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಫೈಲ್ ಕೊಟ್ಟರೆ ಅದನ್ನೂ ಬಿಟ್ಟುಬಿಡಿ, ನಿಮ್ಮ ಬ್ಯಾಂಕ್ ಆ್ಯಪ್ ಇರುವ ಮೊಬೈಲ್ ಅದು. ಆ್ಯಪ್ ನಿಂತುಹೋದ ದಿನ ಸ್ಕ್ರೀನ್ ಇಲ್ಲದ ಈ ಮೀಟರ್ ಯಾವ ಕೆಲಸಕ್ಕೂ ಬರುವುದಿಲ್ಲ.

ಸ್ವಂತ ಸ್ಕ್ರೀನ್ ಇರುವುದು

ಪ್ರಾಣಾ ಏರ್, ಏರ್‌ವೇದದಂಥ ನಮ್ಮ ದೇಶದ ಕಂಪನಿಗಳು, ಟೆಮ್‌ಟಾಪ್‌ನಂಥ ಹೊರಗಿನವು ಇಂಥದ್ದನ್ನು ಮಾಡುತ್ತವೆ. ಜೇಬಿಗೆ ಹಿಡಿಯುವುದರಿಂದ ಹಿಡಿದು ಟೇಬಲ್ ಮೇಲೆ ಇಡುವುದರ ತನಕ ಇವೆ. ಮೊಬೈಲ್ ಇಲ್ಲದೆಯೂ ನಡೆಯುತ್ತದೆ ಅನ್ನುವುದೇ ದೊಡ್ಡ ಲಾಭ. ಮನೆಯಲ್ಲಿ ಅಜ್ಜಿಯೂ ನೋಡಬಹುದು, "ಬಣ್ಣ ಕೆಂಪಾಯ್ತು, ಕಿಟಕಿ ತೆಗೀರೋ" ಅನ್ನಬಹುದು. ನಾನು ಕಂಡ ಹಾಗೆ ಮನೆಯ ಗಾಳಿ ಸರಿಹೋಗುವುದು ಹೀಗೆ ಎಲ್ಲರ ಕಣ್ಣಿಗೂ ಬೀಳುವ ಸಂಖ್ಯೆಯಿಂದ. ಒಬ್ಬರ ಮೊಬೈಲಿನೊಳಗೆ ಇರುವ ಸಂಖ್ಯೆ ಅವರಿಗೆ ಮಾತ್ರ ಗೊತ್ತಿರುತ್ತದೆ.

ಇದನ್ನು ಅಡುಗೆಮನೆಯ ಕಟ್ಟೆ ಮೇಲಿಟ್ಟು ಒಂದು ಸಂಜೆ ನೋಡಿ. ಎಣ್ಣೆ ಕಾದು ಒಣಮೆಣಸಿನಕಾಯಿ ಬಿದ್ದ ಕ್ಷಣ ಸಂಖ್ಯೆ ಓಡತೊಡಗುತ್ತದೆ. ಚಿಮಣಿ ಅಥವಾ ಎಕ್ಸಾಸ್ಟ್ ಫ್ಯಾನ್ ಮೊದಲೇ ಹಾಕಿದ್ದರೆ ಅರ್ಧಕ್ಕೇ ನಿಲ್ಲುತ್ತದೆ, ಒಗ್ಗರಣೆ ಆದಮೇಲೆ ಹಾಕಿದರೆ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ದೇವರ ಮನೆಯ ಊದುಬತ್ತಿಯೂ ಹಾಗೇ. ಮೈಸೂರಿನ ಊದುಬತ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಒಂದು ಹಚ್ಚಿ, ಕಿಟಕಿ ತೆಗೆದಿಡಿ. ಸೊಳ್ಳೆ ಬತ್ತಿ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟಿನಷ್ಟು. ಮಕ್ಕಳು ಮಲಗುವ ರೂಮಿಗೆ ಸೊಳ್ಳೆ ಪರದೆಯೇ ಇರಲಿ.

ತೊಂದರೆ ಇಲ್ಲವೇ? ಇದೆ. ಬ್ಯಾಟರಿ ಕೆಲವು ಗಂಟೆ ಮಾತ್ರ ಬರುತ್ತದೆ, ಹೆಚ್ಚು ಹೊತ್ತು ಚಾರ್ಜರ್‌ಗೆ ಹಾಕಿಯೇ ಇಡಬೇಕಾಗುತ್ತದೆ. ಲೇಸರ್‌ಗೂ ಆಯಸ್ಸಿದೆ. ಎಸ್‌ಡಿಎಸ್011ಕ್ಕೆ ಕಂಪನಿ ಹೇಳುವುದು 8,000 ಗಂಟೆ, ಹಗಲು ರಾತ್ರಿ ಓಡಿಸಿದರೆ ಹನ್ನೊಂದು ತಿಂಗಳು. ಎಸ್‌ಪಿಎಸ್30ಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಅನ್ನುತ್ತಾರೆ. ದಿನವಿಡೀ ಓಡಿಸುವವರು ಎರಡನೆಯದಕ್ಕೆ ದುಡ್ಡು ಹಾಕುವುದು ಲಾಭ. ಅಥವಾ ಐದೈದು ನಿಮಿಷಕ್ಕೆ ಒಮ್ಮೆ ಮಾತ್ರ ಅಳೆಯುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ.

ಬ್ಲೂಟೂತ್ ಕ್ಲಿಪ್, ಮತ್ತೆ ಉಳಿದವು

ಅಟ್ಮೋಟ್ಯೂಬ್ ಪ್ರೊ ಥರದ್ದು ಬ್ಯಾಗಿಗೆ ಸಿಕ್ಕಿಸಿಕೊಳ್ಳುವ ಮೀಟರ್. ಬ್ಯಾಟರಿ ಇದೆ, ಸ್ಕ್ರೀನ್ ಇಲ್ಲ, ಬ್ಲೂಟೂತ್‌ನಲ್ಲಿ ಮೊಬೈಲ್‌ಗೆ ಲೆಕ್ಕ ಕಳಿಸುತ್ತದೆ. ದಿನಾ ಮಂಡ್ಯದಿಂದ ಮೈಸೂರಿಗೆ ಓಡಾಡುವವರಿಗೆ ದಾರಿಯಲ್ಲಿ ಎಲ್ಲೆಲ್ಲಿ ಎಷ್ಟು ಅಂತ ತೋರಿಸಲು ಇದಕ್ಕಿಂತ ಚೆನ್ನಾಗಿರುವುದು ಇಲ್ಲ. ರಿಂಗ್ ರೋಡಿನಲ್ಲಿ ಹೋಗಬೇಕಾ, ಒಳಗಿನ ಬೀದಿಗಳಲ್ಲಿ ಹೋಗಬೇಕಾ ಅನ್ನುವುದು ಒಂದು ವಾರದಲ್ಲಿ ತಿಳಿಯುತ್ತದೆ. ಆದರೆ ಬೆಲೆ ಜಾಸ್ತಿ, ಹೊರದೇಶದ್ದು, ಕೆಟ್ಟರೆ ರಿಪೇರಿ ಕಷ್ಟ. ಮತ್ತೆ ಇದಕ್ಕೂ ಆ್ಯಪೇ ಜೀವ.

ಟ್ಯೂಷನ್ ನಡೆಸುವವರಿಗೆ, ಏಸಿ ರೂಮಿನ ಆಫೀಸಿಗೆ ಅರಾನೆಟ್4 ಥರದ ಇಂಗಾಲದ ಡೈಆಕ್ಸೈಡ್ ಮೀಟರ್. ಎರಡು ಎಎ ಸೆಲ್ ಹಾಕಿದರೆ ವರ್ಷಗಟ್ಟಲೆ ನಡೆಯುತ್ತದೆ. ದುಬಾರಿ, ಹೊಗೆ ತೋರಿಸುವುದಿಲ್ಲ.

ಎಲೆಕ್ಟ್ರಾನಿಕ್ಸ್ ಗೊತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಲೇಸರ್ ಸೆನ್ಸರ್, ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್) ತಂದು ಮೀಟರ್ ಮಾಡಿಸಿ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ಸೆನ್ಸರ್ ಕಮ್ಯುನಿಟಿ ನಕ್ಷೆಗೆ (ಜನರೇ ಇಟ್ಟ ಮೀಟರುಗಳ ಲೆಕ್ಕ ತೋರಿಸುವ ಇಂಟರ್ನೆಟ್ ನಕ್ಷೆ) ಅದನ್ನು ಸೇರಿಸಬಹುದು. ಬೀದಿಯ ಗಾಳಿ ಎಲ್ಲರಿಗೂ ಕಾಣಲಿ ಅನ್ನುವ ಆಸೆ ಇರುವ ಕಾಲೇಜುಗಳಿಗೆ ನಾನು ಹೇಳುವುದು ಇದನ್ನೇ.

ಹಾಗಾದರೆ ಯಾರಿಗೆ ಯಾವುದು?

ಮಗುವಿಗೆ ವೀಜಿಂಗ್ ಇರುವ ಹೆಬ್ಬಾಳದ ತಾಯಿಗೆ: ಸ್ಕ್ರೀನ್ ಇರುವ ಮೀಟರ್, ಮಗು ಮಲಗುವ ರೂಮಿನಲ್ಲಿ. ಮೊಬೈಲ್‌ಗೆ ಸಿಕ್ಕಿಸುವುದು ಅರ್ಧ ಬೆಲೆಗೆ ಸಿಕ್ಕರೂ ಬೇಡ, ನಿಮಗೆ ಬೇಕಾದ್ದು ರಾತ್ರಿಯ ಲೆಕ್ಕ. ಸಂಖ್ಯೆ ಕಡಿಮೆ ಇದೆ ಅಂತ ಡಾಕ್ಟರ್ ಕೊಟ್ಟ ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ.

ಆಲೆಮನೆ ಪಕ್ಕದವರಿಗೂ ಸ್ಕ್ರೀನ್ ಇರುವುದೇ, ಆದರೆ ಲೆಕ್ಕವನ್ನು ಫೈಲ್ ಆಗಿ ಇಳಿಸಿಕೊಳ್ಳಲು ಬರುವಂಥದ್ದು. ಗಾಳಿ ಯಾವ ಕಡೆಯಿಂದ ಬೀಸಿದಾಗ, ಯಾವ ಹೊತ್ತಿಗೆ ಹೊಗೆ ಒಳಗೆ ಬರುತ್ತದೆ ಅನ್ನುವುದು ಒಂದೆರಡು ವಾರದಲ್ಲಿ ಕಾಣುತ್ತದೆ. ಆಗ ಯಾವ ಕಿಟಕಿ ಮುಚ್ಚಬೇಕು ಗೊತ್ತಾಗುತ್ತದೆ. ಆಲೆಮನೆಯವರ ಹತ್ತಿರ ಚಿಮಣಿ ಎತ್ತರಿಸಿ ಅಂತ ಕೂತು ಮಾತಾಡಲೂ ಒಂದು ಲೆಕ್ಕ ಕೈಯಲ್ಲಿರುತ್ತದೆ.

ವಾಕಿಂಗ್ ದಂಪತಿಗೆ ಮೊಬೈಲ್‌ಗೆ ಸಿಕ್ಕಿಸುವುದೇ ಚೆನ್ನ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸಲ, ಮನೆ ಮುಂದಿನ ರಸ್ತೆಯಲ್ಲಿ ಒಂದು ಸಲ, ಬೆಳಗ್ಗೆ ಆರಕ್ಕೆ, ಎಂಟಕ್ಕೆ. ಮಂಜಿನ ದಿನ ಬಿಟ್ಟು ನೋಡಿ. ಕೈಯಲ್ಲಿ ಎರಡು ಸಾವಿರಕ್ಕಿಂತ ಕಡಿಮೆ ಇದ್ದರೆ ಇನ್ನೂ ಅಗ್ಗದ್ದಕ್ಕೆ ಇಳಿಯಬೇಡಿ. ಸಮೀರ್ ನೋಡಿಕೊಂಡು, ಆ ದುಡ್ಡಲ್ಲಿ ಅಡುಗೆಮನೆಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಯಾವುದೇ ತಂದರೂ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಪರೀಕ್ಷೆ ಮಾಡಿ. ಬಾಗಿಲು ಹಾಕಿದ ರೂಮಿನಲ್ಲಿ ಊದುಬತ್ತಿ ಹಚ್ಚಿ ಒಂದು ಮಾರು ದೂರದಲ್ಲಿಡಿ, ಒಂದೆರಡು ನಿಮಿಷದಲ್ಲಿ ಸಂಖ್ಯೆ ಏರಬೇಕು. ಕಿಟಕಿ ತೆಗೆದು ಫ್ಯಾನ್ ಹಾಕಿದ ಮೇಲೆ ಇಳಿಯಬೇಕು. ಏರಿದ್ದು ಇಳಿಯದಿದ್ದರೆ, ಅಥವಾ ಹೊಗೆ ಬಂದರೂ ಅಲ್ಲಾಡದಿದ್ದರೆ ಅವತ್ತೇ ವಾಪಸ್ ಕಳಿಸಿ. ಆಮೇಲೆ ಮಳೆ, ಮಂಜು ಇಲ್ಲದ ಒಂದು ದಿನ 24 ಗಂಟೆ ಬಾಲ್ಕನಿಯಲ್ಲಿಟ್ಟು ಸರಾಸರಿ ತೆಗೆದು, ಹೆಬ್ಬಾಳ ಕೇಂದ್ರದ ಅದೇ ದಿನದ ಪಿಎಂ 2.5 ಸರಾಸರಿ ಜೊತೆ ಇಟ್ಟು ನೋಡಿ. ಸಿಕ್ಕಿಸುವ ಮೀಟರ್ ಆದರೆ ಹಳೆಯ ಮೊಬೈಲ್ ಒಂದನ್ನು ಅದಕ್ಕೆ ಬಿಟ್ಟುಕೊಟ್ಟು ಗಂಟೆಗೊಮ್ಮೆ ಸಿಕ್ಕಿಸಿ ನೋಡಿ ಬರೆದುಕೊಳ್ಳಿ, ನಡುವೆ ಮೊಬೈಲ್ ಚಾರ್ಜ್ ಮಾಡಿಕೊಳ್ಳಿ. ನಿಮ್ಮ ಬಡಾವಣೆ ಬೇರೆ, ಒಂದೇ ಸಂಖ್ಯೆ ಬರಬೇಕಾಗಿಲ್ಲ. ಎರಡು ಪಟ್ಟಿನ ಒಳಗಿದ್ದರೆ ಮನೆ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಅದಕ್ಕಿಂತ ದೂರ ಹೋದರೆ ಬದಲಾಯಿಸಿಕೊಳ್ಳಿ.